ಅಶರೀರವಾಣಿಗೆ ಪ್ರತ್ಯುತ್ತರ: ಭಾರತದ ಸಾರ್ವಜನಿಕ ಪ್ರಸಾರದಲ್ಲಿ ಗಾನವೂ ವಾರ್ತೆಯೂ

೧

ಆಕಾಶವಾಣಿಯೆಂಬ ಶಬ್ದವು ಪುರಾಣಗಳಲ್ಲಿ ಪ್ರಸಿದ್ಧವಾದುದು. ನುಡಿಯುವವರು ಕಣ್ಣಿಗೆ ಕಾಣದೆ ನುಡಿ ಮಾತ್ರ ಅಂತರಿಕ್ಷದಿಂದ ಕೇಳಿಬಂದರೆ ಅದಕ್ಕೆ ಅಶರೀರವಾಣಿಯೆಂದೂ ಆಕಾಶವಾಣಿಯೆಂದೂ ಹೆಸರು. ದೇವಕಿಯ ಎಂಟನೆಯ ಗರ್ಭದಿಂದ ಮೃತ್ಯುವು ಒದಗುವುದೆಂದು ಕಂಸನಿಗೆ ತಿಳಿಸಿದುದು ಇಂಥ ವಾಣಿಯೇ ಆಗಿದ್ದಿತು. ಈ ಕಥೆಗಳಲ್ಲೆಲ್ಲ ಒಂದು ಸಾಮಾನ್ಯ ಲಕ್ಷಣವುಂಟು. ಆ ವಾಣಿಯನ್ನು ಕೇಳಿದವನು ಹೆದರಬಹುದು, ಹರ್ಷಿಸಬಹುದು, ಅದರಂತೆ ನಡೆದುಕೊಳ್ಳಲೂಬಹುದು. ಆದರೆ ಅದಕ್ಕೆ ಮರುಮಾತು ಹೇಳುವ ಮಾರ್ಗವು ಮಾತ್ರ ಅವನಿಗಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ನಿಸ್ತಂತು ಪ್ರಸಾರವು ಭಾರತಕ್ಕೆ ಬಂದಾಗ ಈ ಪ್ರಾಚೀನ ಶಬ್ದವೇ ಅದಕ್ಕೆ ಹೆಸರಾಗಿ ಒದಗಿತು. ಹೆಸರು ಎಷ್ಟು ಸುಂದರವೋ ಅಷ್ಟೇ ಅರ್ಥಗರ್ಭಿತವಾದುದು. ಒಂದೆಡೆ ಕುಳಿತು ಒಬ್ಬನು ಮಾತನಾಡುವನು. ಲಕ್ಷಾಂತರ ಜನರು ಕೇಳುವರು. ಕೇಳಿದವರ ಮಾತು ಹಿಂದಿರುಗಿ ಆ ಒಬ್ಬನಿಗೆ ತಲಪದು. ಆದುದರಿಂದ ಪ್ರಸಾರವು ಯಾರ ಕೈಯಲ್ಲಿರಬೇಕು, ಅದರಲ್ಲಿ ಯಾವ ಗಾನವನ್ನು ಹಾಡಬೇಕು, ಯಾವ ವಾರ್ತೆಯನ್ನು ಹೇಳಬೇಕು ಎಂಬುದನ್ನು ಗೊತ್ತುಮಾಡುವವರು ಯಾರೆಂಬ ಪ್ರಶ್ನೆಯು ಅದರ ಹುಟ್ಟಿನೊಡನೆಯೇ ಹುಟ್ಟಿತು.

ಭಾರತದ ಸಾರ್ವಜನಿಕ ಪ್ರಸಾರದ ಚರಿತ್ರೆಯನ್ನು ಸಾಮಾನ್ಯವಾಗಿ ನಿಲಯಗಳ ಸಂಖ್ಯೆ, ಯಂತ್ರಗಳ ಬಲ, ಅಧಿಕಾರಿಗಳ ಆಜ್ಞೆ ಇವುಗಳ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಶ್ರೋತೃವಿನ ಕಡೆಯಿಂದ ನೋಡಿದರೆ ಅದೇ ಚರಿತ್ರೆಯು ಬೇರೊಂದು ರೂಪದಲ್ಲಿ ತೋರುವುದು. ಅಶರೀರವಾಣಿಗೆ ಪ್ರತ್ಯುತ್ತರವನ್ನು ಕೊಡಲು ಜನರು ಪುನಃ ಪುನಃ ಯತ್ನಿಸಿದರು. ಗಾನದ ವಿಷಯದಲ್ಲಿ ಅವರು ಕೊಟ್ಟ ಉತ್ತರವನ್ನು ಪ್ರಭುತ್ವವು ನಿಧಾನವಾಗಿಯಾದರೂ ಅಂಗೀಕರಿಸಿತು. ವಾರ್ತೆಯ ವಿಷಯದಲ್ಲಿ ಅಂಗೀಕರಿಸಲಿಲ್ಲ. ಈ ಭೇದವನ್ನು ಕೆಲವು ಘಟ್ಟಗಳಲ್ಲಿ ತೋರಿಸುವುದೇ ಈ ಲೇಖನದ ಉದ್ದೇಶ.

೨

ಭಾರತದಲ್ಲಿ ಕ್ರಮಬದ್ಧವಾದ ಪ್ರಸಾರವು ಆರಂಭವಾದುದು ಖಾಸಗಿ ಉದ್ಯಮವಾಗಿ. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿಯ ಮುಂಬಯಿ ನಿಲಯವನ್ನು ೧೯೨೭ರ ಜುಲೈ ೨೩ರಂದು ವೈಸರಾಯ್ ಲಾರ್ಡ್ ಇರ್ವಿನ್ನರು ಆರಂಭಿಸಿದರು. ಆಗಸ್ಟ್ ೨೬ರಂದು ಕಲ್ಕತ್ತೆಯ ನಿಲಯವು ತೆರೆಯಿತು. ಕಂಪೆನಿಯ ಅಧಿಕೃತ ಮೂಲಧನವು ೧೫ ಲಕ್ಷ ರೂಪಾಯಿಗಳೆಂದು ಗೊತ್ತಾಗಿದ್ದರೂ ಕೂಡಿದುದು ೬ ಲಕ್ಷ ಮಾತ್ರ. ರೇಡಿಯೋ ಇಟ್ಟುಕೊಂಡವರು ವರ್ಷಕ್ಕೆ ೧೦ ರೂಪಾಯಿ ಕೊಟ್ಟು ಲೈಸೆನ್ಸು ಪಡೆಯಬೇಕಾಗಿದ್ದಿತು. ಅದರ ಬಹುಭಾಗವೇ ಕಂಪೆನಿಯ ಮುಖ್ಯ ಆದಾಯ. ಇಷ್ಟು ವಿಶಾಲವಾದ ದೇಶದಲ್ಲಿ ಲೈಸೆನ್ಸುಗಳ ಸಂಖ್ಯೆಯು ೮೦೦೦ವನ್ನೂ ಮುಟ್ಟದೆ ಹೋದುದರಿಂದ ಕಂಪೆನಿಯು ಮೂರು ವರ್ಷ ತುಂಬುವುದರೊಳಗಾಗಿಯೇ, ೧೯೩೦ರ ಮಾರ್ಚಿಯಲ್ಲಿ, ಮುಚ್ಚಿಹೋಯಿತು. ಏಪ್ರಿಲ್ ೧ರಿಂದ ಸರ್ಕಾರವು ಅದನ್ನು ಪ್ರಯೋಗಾರ್ಥವಾಗಿ ವಹಿಸಿಕೊಂಡು ‘ಇಂಡಿಯನ್ ಸ್ಟೇಟ್ ಬ್ರಾಡ್‌ಕಾಸ್ಟಿಂಗ್ ಸರ್ವಿಸ್’ ಎಂಬ ಹೆಸರಿನಲ್ಲಿ ನಡೆಸತೊಡಗಿತು.

ಆದರೆ ಆ ಕಾಲವು ಜಗತ್ತಿಗೆಲ್ಲ ಆರ್ಥಿಕ ಮುಗ್ಗಟ್ಟಿನ ಕಾಲವಾಗಿದ್ದಿತು. ವೆಚ್ಚವನ್ನು ತಗ್ಗಿಸುವ ಸಲುವಾಗಿ ೧೯೩೧ರ ಅಕ್ಟೋಬರಿನಲ್ಲಿ ಪ್ರಸಾರವನ್ನು ನಿಲ್ಲಿಸಿಬಿಡುವಂತೆ ಸರ್ಕಾರವು ಆಜ್ಞೆ ಮಾಡಿತು. ಆಗ ನಡೆದುದು ಗಮನಾರ್ಹವಾದುದು. ಸಂಖ್ಯೆಯಲ್ಲಿ ಅತ್ಯಲ್ಪರಾದ ಶ್ರೋತೃಗಳೂ, ಯಂತ್ರಗಳನ್ನು ತರಿಸಿಟ್ಟುಕೊಂಡಿದ್ದ ವರ್ತಕರೂ ಕೂಡಿ ಪ್ರಬಲವಾಗಿ ಪ್ರತಿಭಟಿಸಿದರು. ಒಂದೂವರೆ ತಿಂಗಳೊಳಗಾಗಿ ಆಜ್ಞೆಯು ಹಿಂದೆ ಸರಿಯಿತು. ಪ್ರಸಾರವನ್ನು ಸ್ಥಿರವಾಗಿ ಮುಂದುವರಿಸುವುದೆಂದು ೧೯೩೨ರ ಮೇ ತಿಂಗಳಲ್ಲಿ ನಿರ್ಣಯವಾಯಿತು. ಆಮದಾದ ರೇಡಿಯೋಗಳ ಮೇಲಣ ಸುಂಕವನ್ನು ಹೆಚ್ಚಿಸಿ ಅದರ ವೆಚ್ಚವನ್ನು ತೂಗಿಸಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಿ.ಬಿ.ಸಿ.ಯ ಸಾಮ್ರಾಜ್ಯ ಪ್ರಸಾರವು ಆರಂಭವಾದುದರಿಂದ ರೇಡಿಯೋ ಕೊಳ್ಳುವವರು ಹೆಚ್ಚಿದರು. ೧೯೩೪ರ ಅಂತ್ಯಕ್ಕೆ ಲೈಸೆನ್ಸುಗಳು ಸುಮಾರು ೧೬೦೦೦ಕ್ಕೆ ಏರಿದವು. ಭಾರತದ ಪ್ರಸಾರವು ಸರ್ಕಾರದ ದಾಕ್ಷಿಣ್ಯದಿಂದ ಉಳಿಯಿತೆಂದು ಹೇಳುವವರು ಈ ಸಂಗತಿಯನ್ನು ಮರೆಯಲಾಗದು. ಕಂಪೆನಿಯು ಬಿದ್ದ ಮೇಲೆ ಅದನ್ನು ಎತ್ತಿದುದು ಸರ್ಕಾರವೇ ಹೌದು. ಆದರೆ ಸರ್ಕಾರವು ಕೈಬಿಡದಂತೆ ಹಿಡಿದು ನಿಲ್ಲಿಸಿದವರು ಶ್ರೋತೃಗಳು.

೧೯೩೫ರ ಆಗಸ್ಟಿನಲ್ಲಿ ಬಿ.ಬಿ.ಸಿ.ಯಿಂದ ಲಯೊನೆಲ್ ಫೀಲ್ಡನ್ನರು ಪ್ರಸಾರಾಧಿಕಾರಿಯಾಗಿ ಬಂದರು. ೧೯೩೬ರ ಜನವರಿ ೧ರಂದು ದೆಹಲಿಯ ನಿಲಯವು ತೆರೆಯಿತು. ಸಂಸ್ಥೆಯ ಹೆಸರಿನಲ್ಲಿದ್ದ ‘ಸ್ಟೇಟ್’ ಎಂಬ ಶಬ್ದವೇ ಜನರ ಕಿವಿಗೆ ಅಧಿಕಾರಿಯ ಧ್ವನಿಯಾಗಿ ಕೇಳುವುದೆಂದು ಫೀಲ್ಡನ್ನರಿಗೆ ಅನಿಸಿದ್ದಿತು. ಅವರ ಪ್ರಯತ್ನದಿಂದ ೧೯೩೬ರ ಜೂನ್ ೮ರಿಂದ ಅದು ‘ಆಲ್ ಇಂಡಿಯಾ ರೇಡಿಯೋ’ ಎಂದಾಯಿತು. ಹೆಸರಿನಿಂದ ಪ್ರಭುತ್ವವು ಮರೆಯಾಯಿತು, ಆಡಳಿತದಿಂದ ಮರೆಯಾಗಲಿಲ್ಲ.

೩

ಫೀಲ್ಡನ್ನರು ಭಾರತಕ್ಕೆ ಬಂದ ಮರುತಿಂಗಳೇ ಮೈಸೂರಿನಲ್ಲಿ ಬೇರೊಂದು ಬಗೆಯ ಪ್ರಯೋಗವು ನಡೆಯಿತು. ಅಲ್ಲಿ ಅದನ್ನು ಕೈಗೊಂಡುದು ಕಂಪೆನಿಯೂ ಅಲ್ಲ, ಸರ್ಕಾರವೂ ಅಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಗಳು ೧೯೩೫ರ ಸೆಪ್ಟೆಂಬರ್ ೧೦ರಂದು ತಮ್ಮ ನಿವಾಸವಾದ ‘ವಿಠ್ಠಲ ವಿಹಾರ’ದಿಂದ ಪ್ರಸಾರವನ್ನು ಆರಂಭಿಸಿದರು. ಅವರ ಯಂತ್ರದ ಬಲವು ೩೦ ವ್ಯಾಟ್ ಮಾತ್ರ; ಒಂದು ಮನೆಯ ಕೋಣೆಯನ್ನು ಬೆಳಗುತ್ತಿದ್ದ ಅಂದಿನ ವಿದ್ಯುದ್ದೀಪಕ್ಕಿಂತಲೂ ಕಡಮೆಯಾದ ಶಕ್ತಿ. ಮುಂದೆ ೨೫೦ ವ್ಯಾಟಿನ ಯಂತ್ರವು ಬಂದಿತು. ಮೈಸೂರಿನ ನಿಲಯಕ್ಕೆ ‘ಆಕಾಶವಾಣಿ’ ಎಂಬ ನಾಮಧೇಯವು ರೂಢವಾಯಿತು. ಈ ಹೆಸರನ್ನು ಸೂಚಿಸಿದವರು ಗೋಪಾಲಸ್ವಾಮಿಗಳೆಂದು ಕೆಲವರೂ, ನಿಲಯದ ಕಾರ್ಯದಲ್ಲಿ ಅವರಿಗೆ ಸಹಾಯಕರಾಗಿದ್ದ ನಾ. ಕಸ್ತೂರಿಯವರೆಂದು ಕೆಲವರೂ ಹೇಳುವರು. ವಂಗದೇಶದಲ್ಲಿ ಈ ಶಬ್ದದ ಕೀರ್ತಿಯನ್ನು ಕವಿ ರವೀಂದ್ರರಿಗೆ ಸಲ್ಲಿಸುವ ಪದ್ಧತಿಯುಂಟು. ಪುರಾಣದಲ್ಲಿ ಸಿದ್ಧವಾಗಿಯೇ ಇದ್ದ ಶಬ್ದವು ಎರಡೆಡೆಯಲ್ಲಿ ಇಬ್ಬರಿಗೆ ಹೊಳೆದಿದ್ದರೆ ಆಶ್ಚರ್ಯವೇನೂ ಇಲ್ಲ. ಮೈಸೂರಿನ ನಿಲಯದ ಹೆಸರಾಗಿದ್ದ ಈ ಶಬ್ದವನ್ನೇ ಸ್ವತಂತ್ರ ಭಾರತದ ಪ್ರಸಾರಸಂಸ್ಥೆಯೂ ೧೯೫೬-೫೭ರ ವೇಳೆಗೆ ತನ್ನ ಹೆಸರಾಗಿ ಸ್ವೀಕರಿಸಿತೆಂಬುದು ಮುಖ್ಯ.

ಈ ಪ್ರಯೋಗಕ್ಕೆ ಅಂದಿನ ರಾಜ್ಯಾಂಗದಲ್ಲಿ ಒಂದು ಆಧಾರವೂ ಇದ್ದಿತು. ೧೮೮೫ರ ತಂತಿ ಶಾಸನವು ವಾರ್ತಾವಹನದ ಹಕ್ಕನ್ನು ಬ್ರಿಟಿಷ್ ಇಂಡಿಯಾದಲ್ಲಿ ಸರ್ಕಾರಕ್ಕೇ ಮೀಸಲಾಗಿಟ್ಟಿದ್ದಿತು. ಆದರೆ ೧೯೩೫ರ ಇಂಡಿಯಾ ಸರ್ಕಾರದ ಶಾಸನದ ೧೨೯ನೆಯ ಪ್ರಕರಣವು, ಪ್ರಾಂತಗಳೂ ದೇಶೀಯ ಸಂಸ್ಥಾನಗಳೂ ಪ್ರಸಾರಯಂತ್ರಗಳನ್ನು ಸ್ಥಾಪಿಸಿಕೊಳ್ಳುವುದಕ್ಕೆ ಕೇಂದ್ರವು ಅಕಾರಣವಾಗಿ ಅಡ್ಡಿಮಾಡಬಾರದೆಂದು ವಿಧಿಸಿತು. ಮೈಸೂರು, ತಿರುವಾಂಕೂರು, ಹೈದರಾಬಾದು, ಬರೋಡ ಮುಂತಾದ ಸಂಸ್ಥಾನಗಳಲ್ಲಿ ಪ್ರತ್ಯೇಕ ನಿಲಯಗಳು ಬೆಳೆದುದು ಈ ಅವಕಾಶದಲ್ಲಿಯೇ.

ಮೈಸೂರಿನ ನಿಲಯದ ವೈಶಿಷ್ಟ್ಯವು ಅದರ ದೌರ್ಬಲ್ಯದಲ್ಲಿಯೇ ಇದ್ದಿತೆಂದರೆ ತಪ್ಪಾಗದು. ಅಷ್ಟು ಅಲ್ಪಬಲದ ಯಂತ್ರದ ಧ್ವನಿಯು ನಗರವನ್ನೂ ಅದರ ಸುತ್ತಣ ಸೀಮೆಯನ್ನೂ ದಾಟಿ ದೂರ ಹೋಗಲಾರದು. ಹಾಡಿದ ವಿದ್ವಾಂಸನೂ, ಭಾಷಣ ಮಾಡಿದ ಪಂಡಿತನೂ, ಕೇಳಿದ ಗೃಹಸ್ಥನೂ ಒಂದೇ ಊರಿನವರು. ಮರುದಿನ ಬೀದಿಯಲ್ಲಿ ಒಬ್ಬರನ್ನೊಬ್ಬರು ಕಾಣಬಲ್ಲವರು. ಅಲ್ಲಿ ವಾಣಿಯು ಅಶರೀರವಾಗಿದ್ದರೂ ಅದರ ಶರೀರವು ಯಾರದೆಂಬುದು ಎಲ್ಲರಿಗೂ ತಿಳಿದಿದ್ದಿತು. ಸುಮಾರು ಆರು ವರ್ಷಕಾಲ ಇದು ಗೋಪಾಲಸ್ವಾಮಿಗಳ ಉತ್ಸಾಹದಿಂದಲೂ ಊರಿನ ನೆರವಿನಿಂದಲೂ ನಡೆದು, ೧೯೪೧-೪೨ರ ಸಂಧಿಯಲ್ಲಿ ಮೈಸೂರು ಸರ್ಕಾರದ ವಶವಾಯಿತು; ೧೯೫೦ರಲ್ಲಿ ಆಲ್ ಇಂಡಿಯಾ ರೇಡಿಯೋದಲ್ಲಿ ವಿಲೀನವಾಯಿತು. ೧೯೫೫ರ ನವೆಂಬರಿನಲ್ಲಿ ಬೆಂಗಳೂರಿನ ನಿಲಯವು ಏರ್ಪಟ್ಟಾಗ ಮೈಸೂರಿನ ಪ್ರಸಾರವು ಅಲ್ಲಿಗೆ ಸಾಗಿತು. ಮೈಸೂರಿಗೆ ಪುನಃ ತನ್ನದೇ ಆದ ನಿಲಯವು ದೊರೆತುದು ೧೯೭೪ರಲ್ಲಿ. ವಿಲೀನದಿಂದ ಬಲವೂ ವಿಸ್ತಾರವೂ ಲಭಿಸಿದುದು ನಿಜ. ವಾಣಿಗೂ ಕಿವಿಗೂ ಇದ್ದ ಆ ಸಾಮೀಪ್ಯವು ಮಾತ್ರ ಹೋಯಿತು.

೪

ಸ್ವಾತಂತ್ರ್ಯವು ಬಂದಾಗ ಭಾರತದ ಪಾಲಿಗೆ ಉಳಿದ ಆಲ್ ಇಂಡಿಯಾ ರೇಡಿಯೋ ನಿಲಯಗಳು ಆರು: ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು, ಲಖನೌ, ತಿರುಚಿನಾಪಳ್ಳಿ. ಅವುಗಳ ಧ್ವನಿಯು ದೇಶದ ವಿಸ್ತೀರ್ಣದಲ್ಲಿ ನೂರಕ್ಕೆ ೨.೫ ಭಾಗವನ್ನೂ, ಜನಸಂಖ್ಯೆಯಲ್ಲಿ ನೂರಕ್ಕೆ ೧೧ ಮಂದಿಯನ್ನೂ ಮಾತ್ರ ಮುಟ್ಟುತ್ತಿದ್ದಿತು. ಸಂಸ್ಥೆಯು ತನ್ನ ಧ್ಯೇಯವಾಕ್ಯವಾಗಿ ‘ಬಹುಜನ ಹಿತಾಯ ಬಹುಜನ ಸುಖಾಯ’ ಎಂಬ ಬೌದ್ಧಸಂಪ್ರದಾಯದ ಮಾತನ್ನು ಆರಿಸಿಕೊಂಡಿತು. ಹಿತವೂ ಸುಖವೂ ಕೂಡಿದರೆ ಚರ್ಚೆಗೆ ಎಡೆಯಿಲ್ಲ. ಅವೆರಡೂ ಬೇರೆಯಾದಾಗ ಯಾವುದನ್ನು ಹಿಡಿಯಬೇಕು? ಹಿತವಾವುದೆಂಬುದನ್ನು ಗೊತ್ತುಮಾಡುವವರು ಯಾರು? ಈ ಪ್ರಶ್ನೆಯು ಮೊದಲು ಎದ್ದುದು ಗಾನದಲ್ಲಿ.

ಇದರ ಪೂರ್ವರಂಗವು ಹಾರ್ಮೋನಿಯಂ ವಾದ್ಯದ ಬಹಿಷ್ಕಾರ. ಆ ವಾದ್ಯದ ಸ್ವರಸ್ಥಾನಗಳು ಸ್ಥಿರವಾದುವು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡವನ್ನಾಗಲಿ, ಸ್ವರವನ್ನು ತೂಗುವ ಗಮಕವನ್ನಾಗಲಿ ಅದು ನುಡಿಸಲಾರದು, ಶ್ರುತಿಭೇದಗಳನ್ನು ತೋರಿಸಲಾರದು. ದೆಹಲಿಯ ನಿಲಯದಲ್ಲಿ ಪಾಶ್ಚಾತ್ಯ ಸಂಗೀತದ ಮೇಲ್ವಿಚಾರಕರಾಗಿದ್ದ ಜಾನ್ ಫೌಲ್ಡ್ಸರು ಇದನ್ನು ಕಟುವಾಗಿ ಖಂಡಿಸಿದರು. ರವೀಂದ್ರರೂ ಕಲ್ಕತ್ತೆಯ ನಿಲಯಕ್ಕೆ ಬರೆದ ಪತ್ರದಲ್ಲಿ ಈ ವಾದ್ಯವನ್ನು ದೂರವಿಡಬೇಕೆಂದರು. ೧೯೪೦ರ ಮಾರ್ಚಿಯಿಂದ ಹಾರ್ಮೋನಿಯಮ್ಮಿಗೆ ರೇಡಿಯೋದ ಬಾಗಿಲು ಮುಚ್ಚಿತು. ಶಾಸ್ತ್ರದೃಷ್ಟಿಯಿಂದ ಆಕ್ಷೇಪಣೆಯು ಬಲವಾದುದೇ. ಆದರೆ ಹಿಂದೂಸ್ಥಾನಿ ಸಂಗೀತದ ಸಭೆಗಳಲ್ಲಿ ಗಾಯಕರು ಅದನ್ನು ಬಿಡಲಿಲ್ಲ. ಕನ್ನಡ ನಾಟಕ ಕಂಪೆನಿಗಳ ರಂಗದ ಮುಂದೆ ಕಾಲುಪೆಟ್ಟಿಗೆಯು ಎಂದಿನಂತೆ ನುಡಿಯುತ್ತಿದ್ದಿತು. ಮೂವತ್ತು ವರ್ಷಗಳ ಮೇಲೆ, ೧೯೭೦ರ ವಿದ್ವದ್ಗೋಷ್ಠಿಯ ತರುವಾಯ, ೧೯೭೧ರಲ್ಲಿ ಈ ನಿಷೇಧವು ಭಾಗಶಃ ಸಡಿಲವಾಯಿತು. ವಿದ್ವಾಂಸರ ತೀರ್ಪನ್ನು ಬಳಕೆಯು ಮೆಲ್ಲಗೆ ತಿದ್ದಿದುದಕ್ಕೆ ಇದು ನಿದರ್ಶನ.

ಇದಕ್ಕಿಂತಲೂ ದೊಡ್ಡ ಸಂಘರ್ಷವು ೧೯೫೨ರಲ್ಲಿ ಒದಗಿತು. ಆ ವರ್ಷ ವಾರ್ತಾ ಮತ್ತು ಪ್ರಸಾರಖಾತೆಯ ಮಂತ್ರಿಗಳಾದ ಬಿ. ವಿ. ಕೇಸ್ಕರರು ಸ್ವತಃ ಸಂಗೀತಜ್ಞರು. ದೇಶೀಯ ಸಂಸ್ಥಾನಗಳು ಅಳಿದು ರಾಜಾಶ್ರಯವು ನಿಂತುಹೋದ ಆ ಕಾಲದಲ್ಲಿ ವಿದ್ವಾಂಸರಿಗೆ ರೇಡಿಯೋವೇ ಆಶ್ರಯವಾಗಬೇಕೆಂಬುದು ಅವರ ಸಂಕಲ್ಪ. ೧೯೫೨ರಲ್ಲಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮವೂ, ರವಿಶಂಕರರನ್ನೂ ಟಿ. ಕೆ. ಜಯರಾಮ ಅಯ್ಯರರನ್ನೂ ಒಳಗೊಂಡ ವಾದ್ಯವೃಂದವೂ, ಕಲಾವಿದರನ್ನು ಪರೀಕ್ಷಿಸಿ ದರ್ಜೆ ಕೊಡುವ ಏರ್ಪಾಡೂ ಆರಂಭವಾದವು. ೧೯೫೪ರಲ್ಲಿ ರೇಡಿಯೋ ಸಂಗೀತ ಸಮ್ಮೇಳನವು ಮೊದಲಾಯಿತು. ಕನ್ನಡನಾಡಿನಲ್ಲಿ ೧೯೫೦ರ ಜನವರಿ ೮ರಂದು ತೆರೆದಿದ್ದ ಧಾರವಾಡದ ನಿಲಯವು ಮಲ್ಲಿಕಾರ್ಜುನ ಮನಸೂರರನ್ನು ಸಂಗೀತ ಸಲಹೆಗಾರರನ್ನಾಗಿಯೂ, ಕವಿ ದ. ರಾ. ಬೇಂದ್ರೆಯವರನ್ನು ಸಾಹಿತ್ಯ ಸಲಹೆಗಾರರನ್ನಾಗಿಯೂ ಪಡೆಯಿತು. ಹಿಂದೆ ಅರಮನೆಯ ದರ್ಬಾರಿನಲ್ಲಿ ಕೆಲವರಿಗೆ ಮಾತ್ರ ಲಭ್ಯವಾಗಿದ್ದ ಗಾನವು ಹಳ್ಳಿಯ ಪಂಚಾಯತಿ ಕಟ್ಟೆಯಲ್ಲಿ ಕೇಳಿಸುವಂತಾದುದು ಸಾಮಾನ್ಯ ಉಪಕಾರವಲ್ಲ.

ಆದರೆ ಕೇಸ್ಕರರು ಸಂಗೀತವನ್ನು ಬೆಳೆಸುವುದರೊಡನೆ ಚಲನಚಿತ್ರಗೀತೆಯನ್ನು ಅಳಿಸುವುದನ್ನೂ ಕೈಗೊಂಡರು. ಅಂಥ ಗೀತೆಗಳ ಪ್ರಮಾಣವನ್ನು ಬಹಳವಾಗಿ ತಗ್ಗಿಸಿದುದಲ್ಲದೆ, ಚಿತ್ರದ ಹೆಸರನ್ನು ಹೇಳುವುದು ಜಾಹೀರಾತಾಗುವುದೆಂದು ಅದನ್ನೂ ನಿಲ್ಲಿಸಿದರು. ಚಿತ್ರನಿರ್ಮಾಪಕರು ತಮ್ಮ ಅನುಮತಿಯನ್ನು ಹಿಂತೆಗೆದುಕೊಂಡರು. ಕೆಲವೇ ತಿಂಗಳಲ್ಲಿ ಈ ಗೀತೆಗಳು ರೇಡಿಯೋದಿಂದ ಪ್ರಾಯಶಃ ಮಾಯವಾದವು. ಆಗ ಶ್ರೋತೃಗಳು ಸಭೆ ಸೇರಲಿಲ್ಲ, ಮನವಿಪತ್ರಗಳಿಗಾಗಿ ಕಾಯಲಿಲ್ಲ; ಯಂತ್ರದ ತಿರುಪನ್ನು ತಿರುಗಿಸಿದರು. ಎರಡನೆಯ ಮಹಾಯುದ್ಧದ ಕಾಲದ ಬಲವಾದ ಹ್ರಸ್ವತರಂಗ ಯಂತ್ರವನ್ನು ಪಡೆದಿದ್ದ ರೇಡಿಯೋ ಸಿಲೋನಿನಿಂದ ಆ ಗೀತೆಗಳೇ ಕೇಳಿಬರುತ್ತಿದ್ದವು. ೧೯೫೨ರ ಡಿಸೆಂಬರಿನಿಂದ ಅಮೀನ್ ಸಯಾನಿಯವರು ನಡೆಸಿದ ‘ಬಿನಾಕಾ ಗೀತಮಾಲಾ’ ಮುಂಬಯಿಯಲ್ಲಿ ಮುದ್ರಿತವಾಗಿ ಕೊಲಂಬೋವಿಗೆ ಹೋಗಿ ಅಲ್ಲಿಂದ ಭಾರತದ ಮನೆಮನೆಗೆ ಮರಳುತ್ತಿದ್ದಿತು. ಐದು ವರ್ಷಗಳಲ್ಲಿ ಸರ್ಕಾರವು ಮಣಿಯಬೇಕಾಯಿತು: ೧೯೫೭ರ ಅಕ್ಟೋಬರ್ ೩ರಂದು ಆಕಾಶವಾಣಿಯೇ ‘ವಿವಿಧ ಭಾರತಿ’ಯೆಂಬ ಲಘುಮನೋರಂಜನೆಯ ಪ್ರಸಾರವನ್ನು ಆರಂಭಿಸಿತು. ಆಗ ಮಂತ್ರಿಗಳಾಗಿದ್ದವರು ಕೇಸ್ಕರರೇ ಎಂಬುದು ಸ್ಮರಣೀಯ. ಶಾಸ್ತ್ರೀಯ ಸಂಗೀತದ ಕಾರ್ಯಕ್ರಮಗಳಿಗೆ ಇದರಿಂದ ಲೋಪವೇನೂ ಆಗಲಿಲ್ಲ. ಹಿತಕ್ಕೂ ಸುಖಕ್ಕೂ ಬೇರೆ ಬೇರೆ ಸ್ಥಾನವನ್ನು ಕಲ್ಪಿಸಬಹುದೆಂಬುದನ್ನು ಸಂಸ್ಥೆಯು ಶ್ರೋತೃವಿನಿಂದ ಕಲಿಯಿತು.

೫

ವಾರ್ತೆಯ ಚರಿತ್ರೆಯು ಈ ದಾರಿಯಲ್ಲಿ ಸಾಗಲಿಲ್ಲ. ಗಾನವು ರುಚಿಯ ವಿಷಯ. ವಾರ್ತೆಯು ಅಧಿಕಾರದ ವಿಷಯ. ಬ್ರಿಟಿಷರ ಆಳ್ವಿಕೆಯಲ್ಲಿ ರೇಡಿಯೋ ವಾರ್ತೆಗೆ ಪ್ರತ್ಯುತ್ತರ ಕೊಡಬೇಕಾದರೆ ಕಾನೂನನ್ನು ಮೀರಬೇಕಾಗಿದ್ದಿತು. ೧೯೪೨ರ ಆಗಸ್ಟಿನಲ್ಲಿ ಮುಂಬಯಿಯಲ್ಲಿ ಉಷಾ ಮೆಹತಾ ಮತ್ತು ಅವರ ಸಂಗಡಿಗರು ಸ್ಥಳದಿಂದ ಸ್ಥಳಕ್ಕೆ ಯಂತ್ರವನ್ನು ಸಾಗಿಸುತ್ತ ಗುಪ್ತವಾಗಿ ನಡೆಸಿದ ಕಾಂಗ್ರೆಸ್ ರೇಡಿಯೋ ಅಂಥ ಪ್ರತ್ಯುತ್ತರ. ಅದು ಮೂರು ತಿಂಗಳೂ ಬಾಳಲಿಲ್ಲ. ನವೆಂಬರ್ ೧೨ರಂದು ಪೊಲೀಸರ ಕೈಗೆ ಸಿಕ್ಕಿತು. ನಡೆಸಿದವರು ಸೆರೆಮನೆಗೆ ಹೋದರು.

ಸ್ವಾತಂತ್ರ್ಯಾನಂತರ ಆಳುವವರು ಬದಲಾದರೂ ವಾರ್ತೆಯ ಏರ್ಪಾಡು ಬದಲಾಗಲಿಲ್ಲ. ಪ್ರಸಾರವು ಸರ್ಕಾರದ ಒಂದು ಇಲಾಖೆಯಾಗಿಯೇ ಉಳಿಯಿತು. ಇಂಗ್ಲೆಂಡಿನಲ್ಲಿ ೧೯೨೭ರಿಂದಲೇ ರಾಜಶಾಸನದ ಮೂಲಕ ಪ್ರತ್ಯೇಕ ನಿಗಮವಾಗಿದ್ದ ಬಿ.ಬಿ.ಸಿ.ಯ ಮಾದರಿಯು ಎಲ್ಲರ ಕಣ್ಣ ಮುಂದಿದ್ದಿತು. ಚಂದಾ ಸಮಿತಿಯು ೧೯೬೬ರಲ್ಲಿ ಆಕಾಶವಾಣಿಯನ್ನು ಸ್ವಾಯತ್ತ ನಿಗಮವನ್ನಾಗಿ ಮಾಡಬೇಕೆಂದು ಸೂಚಿಸಿತು. ಸೂಚನೆಯು ಕಾಗದದಲ್ಲಿಯೇ ನಿಂತಿತು.

ಅದರ ಫಲವು ೧೯೭೫ರಲ್ಲಿ ಕಂಡುಬಂದಿತು. ಜೂನ್ ೨೫ರ ರಾತ್ರಿ ತುರ್ತುಪರಿಸ್ಥಿತಿಯು ಘೋಷಿತವಾದ ಮೇಲೆ ಪತ್ರಿಕೆಗಳ ಮೇಲೆ ಪರಿಶೋಧನೆಯನ್ನು ಹೇರಲು ಹೊಸ ಆಜ್ಞೆಗಳು ಬೇಕಾದವು. ಆಕಾಶವಾಣಿಗೆ ಹೊಸ ಆಜ್ಞೆಯೇ ಬೇಕಾಗಲಿಲ್ಲ, ಇಲಾಖೆಯ ಹಳೆಯ ಶಿಸ್ತೇ ಸಾಕಾಯಿತು. ೧೯೭೭ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರವು ಪ್ರಸಾರಸಾಧನಗಳ ದುರುಪಯೋಗವನ್ನು ಕುರಿತು ಶ್ವೇತಪತ್ರವನ್ನು ಹೊರಡಿಸಿತು. ಬಿ. ಜಿ. ವರ್ಗೀಸರ ಸಮಿತಿಯು ೧೯೭೮ರಲ್ಲಿ ‘ಆಕಾಶ ಭಾರತಿ’ಯೆಂಬ ಸ್ವತಂತ್ರ ನ್ಯಾಸವನ್ನು ಸ್ಥಾಪಿಸಬೇಕೆಂದಿತು. ಆ ಸಲಹೆಯೂ ಕೈಗೂಡಲಿಲ್ಲ. ವಿರೋಧಪಕ್ಷದಲ್ಲಿದ್ದಾಗ ಸ್ವಾಯತ್ತತೆಯನ್ನು ಬೇಡಿದವರಿಗೆ ಅಧಿಕಾರವು ಬಂದ ಮೇಲೆ ಅದರ ಅವಸರವು ತೋರದೆ ಹೋದುದನ್ನು ಈ ಚರಿತ್ರೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಕಾಣಬಹುದು.

ವಾರ್ತೆಯಲ್ಲಿಯೂ ಶ್ರೋತೃವು ತಿರುಪನ್ನು ತಿರುಗಿಸದೆ ಇರಲಿಲ್ಲ. ೧೯೮೪ರ ಅಕ್ಟೋಬರ್ ೩೧ರಂದು ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ದೆಹಲಿಯಲ್ಲಿ ಹತ್ಯೆಗೊಳಗಾದಾಗ, ಅವರ ಮರಣವನ್ನು ಬಿ.ಬಿ.ಸಿ.ಯು ಹಗಲಿನಲ್ಲಿಯೇ ತಿಳಿಸಿತು. ಆಕಾಶವಾಣಿಯು ಸಂಜೆಯವರೆಗೂ ತಿಳಿಸಲಿಲ್ಲ. ಪಶ್ಚಿಮ ಬಂಗಾಳದ ಪ್ರವಾಸದಲ್ಲಿದ್ದ ಅವರ ಪುತ್ರ ರಾಜೀವ ಗಾಂಧಿಯವರು ದೆಹಲಿಗೆ ಮರಳುವ ದಾರಿಯಲ್ಲಿ ವಾರ್ತೆಗಾಗಿ ಕಿವಿಗೊಟ್ಟುದು ಬಿ.ಬಿ.ಸಿ.ಗೆ. ತನ್ನ ಸರ್ಕಾರದ ಮುಖ್ಯಸ್ಥರ ಮನೆಯವರೇ ಅನ್ಯದೇಶದ ವಾಣಿಯನ್ನು ನಂಬಬೇಕಾದ ಸ್ಥಿತಿಯು ಪ್ರಸಾರಸಂಸ್ಥೆಗೆ ಒದಗಿದ ಮೇಲೆ ಬೇರೆ ಸಾಕ್ಷ್ಯವು ಬೇಕಾಗದು. ರೇಡಿಯೋ ಸಿಲೋನಿಗೆ ಹೋದ ಶ್ರೋತೃವನ್ನು ಮರಳಿ ಕರೆಯಲು ವಿವಿಧ ಭಾರತಿಯು ಹುಟ್ಟಿತು, ಬಿ.ಬಿ.ಸಿ.ಗೆ ಹೋದ ಶ್ರೋತೃವನ್ನು ಕರೆಯಲು ಅಂಥದೇನೂ ಹುಟ್ಟಲಿಲ್ಲ.

ಪ್ರಸಾರ ಭಾರತಿಯ ಶಾಸನವು ೧೯೯೦ರಲ್ಲಿ ಅಂಗೀಕೃತವಾಯಿತು. ಅದು ಜಾರಿಗೆ ಬಂದುದು ೧೯೯೭ರ ಸೆಪ್ಟೆಂಬರಿನಲ್ಲಿ. ನಿಗಮವು ಸ್ಥಾಪಿತವಾದುದು ನವೆಂಬರ್ ೨೩ರಂದು. ಏಳು ವರ್ಷಗಳ ಈ ವಿಳಂಬವೇ ಆ ಸ್ವಾಯತ್ತತೆಯ ಮೇಲಣ ವ್ಯಾಖ್ಯಾನದಂತಿದೆ.

೬

ನಡುವೆ, ೧೯೯೫ರ ಫೆಬ್ರವರಿ ೯ರಂದು, ಸರ್ವೋಚ್ಚ ನ್ಯಾಯಾಲಯವು ಒಂದು ಮಹತ್ತ್ವದ ತೀರ್ಪನ್ನು ಕೊಟ್ಟಿತು. ಕ್ರಿಕೆಟ್ ಪಂದ್ಯಗಳ ಪ್ರಸಾರದ ಹಕ್ಕನ್ನು ಕುರಿತು ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಕೇಂದ್ರ ಸರ್ಕಾರಕ್ಕೂ ನಡೆದ ವ್ಯಾಜ್ಯದಲ್ಲಿ ಬಂದ ತೀರ್ಪು ಅದು. ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು. ಅವು ಸರ್ಕಾರದ ಏಕಾಧಿಪತ್ಯದಲ್ಲಿಯೂ ಇರತಕ್ಕುವಲ್ಲ, ಹಣವಂತರ ಏಕಾಧಿಪತ್ಯಕ್ಕೂ ಹೋಗತಕ್ಕುವಲ್ಲ. ಸ್ವತಂತ್ರವಾದ ಒಂದು ಅಧಿಕಾರಮಂಡಲವು ಅವನ್ನು ನಿಯಂತ್ರಿಸಬೇಕು ಎಂಬುದು ಅದರ ತಾತ್ಪರ್ಯ. ೧೮೮೫ರ ಶಾಸನದ ನೆರಳಿನಿಂದ ಆಕಾಶವು ಹೊರಬಂದುದು, ತತ್ತ್ವತಃ, ಅಂದು.

ಆಚರಣೆಯಲ್ಲಿ ಮಾತ್ರ ಹಿಂದಿನ ಭೇದವೇ ಉಳಿಯಿತು. ೨೦೦೧ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಭಾರತದ ಮೊದಲ ಖಾಸಗಿ ಎಫ್.ಎಂ. ನಿಲಯವು ಆರಂಭವಾಯಿತು. ಅದಕ್ಕೂ ಅದರ ಹಿಂದೆ ಬಂದ ನಿಲಯಗಳಿಗೂ ಹಾಡುವ ಸ್ವಾತಂತ್ರ್ಯವು ದೊರೆಯಿತು. ಸುದ್ದಿ ಹೇಳುವ ಸ್ವಾತಂತ್ರ್ಯವು ದೊರೆಯಲಿಲ್ಲ. ೨೦೧೧ರ ನಿಯಮಾವಳಿಯು ಕೊಟ್ಟ ಸಡಿಲಿಕೆಯಲ್ಲಿಯೂ, ಆಕಾಶವಾಣಿಯ ವಾರ್ತೆಯನ್ನು ಇದ್ದುದಿದ್ದಂತೆ ಮರುಪ್ರಸಾರ ಮಾಡುವುದಕ್ಕೆ ಮಾತ್ರ ಅನುಮತಿ. ೨೦೦೬ರಲ್ಲಿ ಸಮುದಾಯ ಬಾನುಲಿಗೆ ಅವಕಾಶವನ್ನು ಕೊಟ್ಟ ನಿಯಮಗಳೂ ವಾರ್ತೆ ಮತ್ತು ಪ್ರಚಲಿತ ವಿದ್ಯಮಾನಗಳನ್ನು ನಿಷೇಧಿಸಿಯೇ ಅದನ್ನು ಕೊಟ್ಟವು.

ಇದಕ್ಕೆ ಮುಂಚೆ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ನಡೆದ ಒಂದು ಪ್ರಯತ್ನವು ಇಲ್ಲಿ ಉಲ್ಲೇಖನೀಯ. ‘ನಮ್ಮ ಧ್ವನಿ’ಯೆಂಬ ಹೆಸರಿನಲ್ಲಿ ಅಲ್ಲಿನ ಗ್ರಾಮಸ್ಥರು, ಮುಖ್ಯವಾಗಿ ಸ್ತ್ರೀಯರು, ಸ್ವಯಂಸೇವಾಸಂಸ್ಥೆಗಳ ಸಹಾಯದಿಂದ ತಮ್ಮ ಕಾರ್ಯಕ್ರಮಗಳನ್ನು ತಾವೇ ಸಿದ್ಧಪಡಿಸಿದರು. ಆಕಾಶದ ತರಂಗವನ್ನು ಬಳಸಲು ಗ್ರಾಮಕ್ಕೆ ಅನುಮತಿಯಿಲ್ಲದ ಕಾಲವದು. ಆದುದರಿಂದ ೨೦೦೩ರಲ್ಲಿ ಅವರು ಕೇಬಲ್ ತಂತಿಯ ಮೂಲಕ ತಮ್ಮ ಧ್ವನಿಯನ್ನು ಮನೆಗಳಿಗೆ ಮುಟ್ಟಿಸಿದರು. ನಿಸ್ತಂತು ವಿದ್ಯೆಯು ಬಂದು ಒಂದು ಶತಮಾನವಾದ ಮೇಲೆ ಒಂದು ಗ್ರಾಮವು ತನ್ನೊಡನೆ ತಾನು ಮಾತನಾಡಿಕೊಳ್ಳಲು ಪುನಃ ತಂತಿಯನ್ನು ಎಳೆಯಬೇಕಾಯಿತೆಂಬುದರಲ್ಲಿ, ತರಂಗವು ಯಾರದೆಂಬ ಪ್ರಶ್ನೆಯು ಸಂಪೂರ್ಣವಾಗಿ ಅಡಗಿದೆ.

ಒಟ್ಟಿನ ಮೇಲೆ ಈ ಚರಿತ್ರೆಯಿಂದ ಸಿದ್ಧವಾಗುವ ಸಂಗತಿಗಳು ಎರಡು. ಜನರ ಅಭಿರುಚಿಯನ್ನು ಮೇಲಿನಿಂದ ತಿದ್ದಹೊರಟ ಪ್ರಸಾರವು, ಜನರ ಉತ್ತರಕ್ಕೆ ಕಿವಿಗೊಟ್ಟ ಮೇಲೆಯೇ ಜನರದಾಯಿತು. ಅದರಿಂದ ಶಾಸ್ತ್ರವು ಕೆಡಲಿಲ್ಲ, ಸಂಸ್ಥೆಯು ಬಡವಾಗಲಿಲ್ಲ. ವಾರ್ತೆಯಲ್ಲಿ ಅಂಥ ಉತ್ತರಕ್ಕೆ ಎಡೆಗೊಡದೆ ಹೋದುದರಿಂದ, ಜನರು ಅದನ್ನು ಕೇಳುತ್ತಿದ್ದರೂ ನಂಬಿಕೆಗೆ ಬೇರೆಡೆಯನ್ನು ಅರಸಿದರು. ಮೈಸೂರಿನ ೩೦ ವ್ಯಾಟಿನ ಯಂತ್ರದಲ್ಲಿಯೂ ಬೂದಿಕೋಟೆಯ ತಂತಿಯಲ್ಲಿಯೂ ಬಲವು ಅತ್ಯಲ್ಪವಾಗಿದ್ದಿತು. ಆದರೆ ನುಡಿದವರೂ ಕೇಳಿದವರೂ ಒಂದೇ ಸಮಾಜದವರಾಗಿದ್ದರು. ಬೃಹತ್ತಾದ ಸಂಸ್ಥೆಯೊಂದು ಆ ಸಂಬಂಧವನ್ನು ಹೇಗೆ ಉಳಿಸಿಕೊಳ್ಳಬೇಕೆಂಬುದೇ ಸಾರ್ವಜನಿಕ ಪ್ರಸಾರದ ನಿಜವಾದ ಸಮಸ್ಯೆ. ಅದನ್ನು ಬಿಡಿಸುವವರೆಗೆ ಆ ವಾಣಿಯು ಪುರಾಣದ ಅರ್ಥದಲ್ಲಿಯೇ ಆಕಾಶವಾಣಿಯಾಗಿ ಉಳಿಯುವುದಲ್ಲದೆ, ಬಹುಜನರ ವಾಣಿಯಾಗದು.